ಟೈರಾಡಿನ ಮೇಲೆ ಬಳಿದ ವಿಭೂತಿ

ಹುನಗುಂದ, ಮಧ್ಯಾಹ್ನ. ಇಳಕಲ್ಲಿಗೆ ಹೊರಟ ನಮ್ಮ ಬಾಡಿಗೆ ಜೀಪಿನ ಸ್ಟೇರಿಂಗ್ ನಡುಗತೊಡಗಿದ್ದರಿಂದ ಗ್ಯಾರೇಜಿನ ಮುಂದೆ ನಿಂತಿದ್ದೇವೆ. ಮಿಸ್ತ್ರಿ ಖಾದರಸಾಬ ಕೆಳಗೆ ತೂರಿ, ಮುಂದಿನ ಎರಡೂ ಗಾಲಿಗಳನ್ನು ಕೂಡಿಸುವ ಟೈರಾಡನ್ನು ಬಿಚ್ಚಿ ತಂದ. ನಡುವೆ ಹಳೆಯ ವೆಲ್ಡಿಂಗ್ ಬಿರುಕು ಬಿಟ್ಟಿತ್ತು.

"ಇನ್ನೊಂದು ಟಾಕಾ ಹಾಕೋ ಸಾಬಾ, ಇಳಕಲ್ ಮುಟ್ಟಿದ್ರ ಸಾಕು," ಎಂದ ಡ್ರೈವರ್ ಸಂಗಪ್ಪ.

"ಇದೇನ್ ನಿನ್ನ ಹರಕ ಅಂಗಿ ಏನಲೇ?" ಎಂದು ಖಾದರಸಾಬ ಗದರಿದ.

ನನಗೆ ಸಿಟ್ಟು ನೆತ್ತಿಗೇರಿತು. "ಎಂಟ ಮಂದಿ ಕುಂತೀವಿ, ಅದರಾಗ ಬಾಣಂತಿ ಬ್ಯಾರೆ. ಕೊಲ್ತೀಯೇನಲೇ?" ಎಂದು ಸಂಗಪ್ಪನ ಮೇಲೆ ಹರಿಹಾಯ್ದೆ.

"ನಿಮಗ್ಯಾಕ್ರಿ ಅಜ್ಜಾರ ಇಷ್ಟ ಉರಿ?" ಎಂದ ಸಂಗಪ್ಪ.

ಎಲ್ಲರೆದುರೇ ಹೇಳಿಬಿಟ್ಟೆ. ಎಪ್ಪತ್ತೈದನೇ ಇಸವಿಯಲ್ಲಿ ಬಾದಾಮಿಯಲ್ಲಿ ನನ್ನ ಜೀಪು ಮಾರುವಾಗ ಅದರ ಟೈರಾಡಿನಲ್ಲೂ ಇಂಥದೇ ವೆಲ್ಡಿಂಗ್ ಇತ್ತು. ಅದು ಕಾಣಬಾರದೆಂದು, ಹಬ್ಬದ ಪೂಜೆಯದೆನ್ನುವ ಹಾಗೆ, ಮೂರು ಬೆರಳಿನಿಂದ ದಪ್ಪಗೆ ವಿಭೂತಿ ಬಳಿದೆ. ಕೊಳ್ಳಲು ಬಂದ ಸಾಲಿ ಮಾಸ್ತರರು ಬಗ್ಗಿ ನೋಡಿದರು. ಒರೆಸಿ ನೋಡಲಿಲ್ಲ, ಮುಟ್ಟಿ ಕಣ್ಣಿಗೊತ್ತಿಕೊಂಡರು. ದೇವರನ್ನೇ ಸುಳ್ಳು ಸಾಕ್ಷಿಗೆ ನಿಲ್ಲಿಸಿದ ಹಲ್ಕಟ್ ನಾನು.

"ಆ ಜೀಪ ಮುಂದ ಏನಾತ್ರಿ?" ಎಂದ ಖಾದರಸಾಬ.

"ಕೇಳಾಕ ಧೈರ್ಯ ಬರಲಿಲ್ಲ."

 ಯಾರೂ ಮತ್ತೆ ಬೆಸೆಯಬಾರದೆಂದು ಅವನು ಬಿಚ್ಚಿಟ್ಟ ಟೈರಾಡನ್ನು ಗರಗಸದಿಂದ ಮೂರು ತುಂಡು ಮಾಡಿದ. ಸಂಗಪ್ಪ ಬೈಯುತ್ತಲೇ ಹೊಸದನ್ನು ತರಲು ಬಾಗಲಕೋಟೆ ಬಸ್ಸು ಹತ್ತಿದ. ಉಳಿದವರು ಇಳಿದು ಬೇವಿನ ನೆರಳಿಗೆ ಹೋದರು. ನಾನೂ ಹೋಗಿ ಕೂತೆ. ಬಾಣಂತಿ ಕೂಸನ್ನೆತ್ತಿಕೊಂಡು ಆಚೆ ಸರಿದು ಕೂತಳು.