ಅಣ್ಣನ ಲಾರಿಗೆ ತಂದ ಮೋಟಾರು

ಮನುಷ್ಯನ ಬಾಳಿನ ದಿಕ್ಕನ್ನು ತಿರುಗಿಸುವ ನಿರ್ಧಾರಗಳು ಬಹಳ ಕಡಿಮೆ, ಅವುಗಳನ್ನು ಕೈಗೊಳ್ಳುವಾಗ ಮನಸ್ಸು ಗಂಭೀರವಾಗಿರಬೇಕು ಎಂದು ತಿಳಿದವರು ಹೇಳುತ್ತಾರೆ. ನಮ್ಮ ಮನೆತನದಲ್ಲಿ ಅಂಥದೊಂದು ನಿರ್ಧಾರ ಆದದ್ದು ಆಟಿಕೆ ಲಾರಿಯೊಂದರ ಮೋಟಾರಿನ ವಿಷಯದಲ್ಲಿ. ಮೋಟಾರು ನಿಂಬೆಹಣ್ಣಿಗಿಂತ ತುಸು ದೊಡ್ಡದು. ನಿರ್ಧಾರ ಕೈಗೊಂಡವರು ಇಬ್ಬರು ಮುದುಕರು, ಇಬ್ಬರ ಕೈಯಲ್ಲೂ ಚಹಾದ ಕಪ್ಪು.

ಅಣ್ಣ ನನ್ನ ಹಾಗೆಯೇ ವಡಗಾವಿಯ ಮಗ್ಗದ ಮನೆಯಲ್ಲಿ ಹುಟ್ಟಿದವನು. ಮಗ್ಗದ ಸದ್ದು ತಡೆಯಲಾರೆ ಎಂದು ಓಡಿಹೋಗಿ, ಅದಕ್ಕಿಂತ ಹೆಚ್ಚು ಸದ್ದು ಮಾಡುವ ಲಾರಿ ಹತ್ತಿದ. ಖಾನಾಪುರದ ಹಂಚು, ಇಟ್ಟಿಗೆ ಹೇರಿಕೊಂಡು ಘಟ್ಟ ಇಳಿದು ಗೋವೆಗೆ ಹೋಗಿ ಬರುವುದೇ ಅವನ ಆಯುಷ್ಯವಾಯಿತು. ಹೆಣ್ಣೂ, ಅಂದರೆ ಮರಾಠಿ ಮನೆಮಾತಿನ ನಮ್ಮ ವೈನಿಯೂ, ಖಾನಾಪುರದಲ್ಲೇ ಸಿಕ್ಕಿ ಅಲ್ಲಿಯವನೇ ಆದ. ನಾನು ಮಗ್ಗಗಳ ಜೊತೆಗೇ ಉಳಿದೆ. ಅವನ್ನು ಮಾರಿದ ಮೇಲೆ ಮಚ್ಛೆಯ ಒಂದು ಕಾರ್ಖಾನೆಯಲ್ಲಿ ಯಂತ್ರ ರಿಪೇರಿ ಮಾಡುತ್ತ ನಿವೃತ್ತನಾದೆ. ಮೋಟಾರುಗಳ ಬಗ್ಗೆ ನಮ್ಮಿಬ್ಬರಲ್ಲಿ ಅಭಿಪ್ರಾಯಗಳಿಗೆ ಬರವಿರಲಿಲ್ಲ. ತಿಳಿವಳಿಕೆಯ ಮಾತು ಬೇರೆ.

ಹೋದ ವರ್ಷ ಅಣ್ಣನ ಎಡಮೈಗೆ ಲಕ್ವ ಹೊಡೆಯಿತು. ಮಾತು ಉಳಿಯಿತು, ಅದರಿಂದ ಆಸ್ಪತ್ರೆಯವರಿಗೆ ಸಂತೋಷವಾಯಿತೆಂದು ಹೇಳಲಾರೆ. ನಾನು ನೋಡಲು ಹೋದಾಗ ಹಾಸಿಗೆಯಲ್ಲಿ ಮಲಗಿಕೊಂಡೇ ವರದಿ ಒಪ್ಪಿಸಿದ: "ಗೇರ್ ಹಾಕೂ ಕೈ ಹೋತು. ಕ್ಲಚ್ ಒತ್ತೂ ಕಾಲು ಹೋತು. ಹಾರ್ನ್ ಹೊಡಿಯೂ ಕೈ ಅಷ್ಟ ಉಳದೈತಿ."

ಕಾಲು ಕೋಲಿನ ಆಸರೆಗೆ ಬಂತು. ಕೈಗೆ ಮಾತ್ರ ವ್ಯಾಯಾಮ ಬೇಕಿತ್ತು. ಮನೆಗೆ ಬಂದು ವ್ಯಾಯಾಮ ಮಾಡಿಸುತ್ತಿದ್ದ ಹೆಣ್ಣುಮಗಳು ಹಿಚುಕಲೆಂದು ಒಂದು ರಬ್ಬರ್ ಚೆಂಡು ಕೊಟ್ಟಳು. ಘಟ್ಟದಲ್ಲಿ ಲಾರಿ ಓಡಿಸಿದವನಿಗೆ ಚೆಂಡು ಕೊಟ್ಟರೆಂದು ಅಣ್ಣ ಅದನ್ನು ಬೆಕ್ಕಿಗೆ ಎಸೆದ. ಎಸೆದದ್ದು ಬಲಗೈಯಿಂದ, ಹಾಗಾಗಿ ಬೆಕ್ಕಿಗೆ ಸರಿಯಾಗಿಯೇ ತಗುಲಿತು.

ಆಗ ನಾನು ರಿಮೋಟಿನಿಂದ ಓಡುವ ಒಂದು ಬ್ಯಾಟರಿ ಲಾರಿ ತಂದುಕೊಟ್ಟೆ. ಮೊಣಕೈಯಷ್ಟು ಉದ್ದ, ಹಿಂದೆ ಮಾಲು ಹೇರುವ ಡಬ್ಬಿ. ಅದರ ರಿಮೋಟು ಪಿಸ್ತೂಲಿನ ಆಕಾರದ್ದು. ಎಡಗೈಯಲ್ಲಿ ಹಿಡಿದು, ಎಡಗೈಯ ತೋರುಬೆರಳಿನಿಂದಲೇ ಕುದುರೆ, ಅಂದರೆ ಟ್ರಿಗರ್, ಎಳೆಯಬೇಕು. ಎಷ್ಟು ಎಳೆದರೆ ಅಷ್ಟು ವೇಗ. ಬಲಗೈಗೆ ಸಣ್ಣ ಸ್ಟೇರಿಂಗು. ವ್ಯಾಯಾಮದ ಹೆಣ್ಣುಮಗಳು ನೋಡಿ, ಚೆಂಡಿಗಿಂತ ಇದೇ ಒಳ್ಳೆಯದು ಎಂದಳು. ಅಣ್ಣ ಲಾರಿಗೆ ಕುಂಕುಮ ಹಚ್ಚಿಸಿ, ಗಾಲಿಯ ಕೆಳಗೆ ನಿಂಬೆಹಣ್ಣು ಇಡಿಸಿದ. ಲಾರಿ ನಿಂಬೆಹಣ್ಣನ್ನು ಹತ್ತಲಾರದೆ ನಿಂತಿತು. ವೈನಿ ಹಣ್ಣನ್ನು ಹೆಚ್ಚಿ ಎರಡು ಹೋಳು ಮಾಡಿದ ಮೇಲೆ ಶಾಸ್ತ್ರ ಮುಗಿಯಿತು.

ಅವನು ಓಡಿಸುವುದನ್ನು ನೋಡಬೇಕಿತ್ತು. ಅಂಗಳದಲ್ಲಿ ಖುರ್ಚಿ ಹಾಕಿಕೊಂಡು, ಹಂಚಿನ ಚೂರುಗಳನ್ನು ಡಬ್ಬಿಯಲ್ಲಿ ಹೇರಿಸಿ, ಬೆರಳನ್ನು ಕೂದಲೆಳೆಯಷ್ಟು ಎಳೆಯುತ್ತಿದ್ದ. ಲಾರಿ ಹೊರಟದ್ದೇ ಗೊತ್ತಾಗುತ್ತಿರಲಿಲ್ಲ. ಹಂಚು ತುಂಬಿದ ಗಾಡಿಯನ್ನು ಒಂದು ಹಂಚೂ ಸದ್ದು ಮಾಡದಂತೆ ಹೊರಡಿಸುವವನೇ ಡ್ರೈವರ್, ಉಳಿದವರು ಸ್ಟೇರಿಂಗ್ ಹಿಡಿದುಕೊಂಡ ಪ್ರಯಾಣಿಕರು ಎಂಬುದು ಅವನ ಸಿದ್ಧಾಂತ. ಮಳೆಗಾಲ ಕಳೆಯುವಷ್ಟರಲ್ಲಿ ವೈನಿ ಫೋನ್ ಮಾಡಿದರು.

"ಭಾವೂಜಿ, ಇವತ್ತ ಅಂಗಿ ಗುಂಡಿ ತಾವ ಹಾಕ್ಕೊಂಡಾರ. ಮ್ಯಾಲಿಂದು ಕೆಳಗ ಹೋಗೇತಿ, ಕೆಳಗಿಂದು ಮ್ಯಾಲ ಬಂದೈತಿ. ನಾ ಏನೂ ಅಂದಿಲ್ಲ."

ಆ ಹುರುಪಿನಲ್ಲಿ ಅಣ್ಣ ಲಾರಿಗೆ ಅರ್ಧ ಇಟ್ಟಿಗೆ ಹೇರಿ ಹಿತ್ತಲಿನ ಏರು ಹತ್ತಿಸಿದ. ಮೋಟಾರು ಹೊಗೆಯಾಡಿ ಸುಟ್ಟುಹೋಯಿತು. ಅವನಿಗೆ ಅದೂ ಹೆಮ್ಮೆಯೇ. "ಈಗ ಖರೇ ಲಾರಿ ಆತು ನೋಡು. ದೊಡ್ಡ ಮೋಟಾರ್ ಹಾಕಿಸೂಣು, ನಾನೂ ಬರ್ತೀನಿ."

ಲಕ್ವ ಹೊಡೆದ ಮೇಲೆ ಅವನು ಮೊದಲ ಸಲ ಖಾನಾಪುರ ಬಿಟ್ಟದ್ದು ಆ ದಿನ. ನಮ್ಮ ಊರಿನ ಕೋಟೆಯ ಕಡೆಗೆ ಹೋಗುವ ರಸ್ತೆಯಲ್ಲಿ ಇಂಥ ಸಾಮಾನಿನ ಒಂದು ಚಿಕ್ಕ ಅಂಗಡಿಯಿದೆ. ಅಂಗಡಿಯವನು ಖುರ್ಚಿ ಹಾಕಿ, "ಕುಂದರ್ರಿ ಕಾಕಾ" ಎಂದು ಚಹಾ ತರಿಸಿದ. ಸುಟ್ಟ ಮೋಟಾರಿನೊಳಗೆ ಬ್ರಶ್ ಎಂಬ ಇದ್ದಲಿನ ತುಂಡು ತಿಕ್ಕುತ್ತಿತ್ತು. ಈಗ ಬ್ರಶ್ ಇಲ್ಲದ, ಬ್ರಶ್‌ಲೆಸ್ ಮೋಟಾರೇ ಒಳ್ಳೆಯದು, ಸವೆಯುವುದಿಲ್ಲ, ಬಿಸಿಯಾಗುವುದೂ ಕಡಿಮೆ ಎಂದ. ಅದರ ಮೇಲೆ ಒಂದು ಸಂಖ್ಯೆ ಬರೆದಿರುತ್ತದೆ, ಒಂದು ವೋಲ್ಟಿಗೆ ಎಷ್ಟು ಸುತ್ತು ಅಂತ. ಸಂಖ್ಯೆ ದೊಡ್ಡದಿದ್ದರೆ ಓಟ, ಸಣ್ಣದಿದ್ದರೆ ಎಳೆತ.

"ಅಂದ್ರ ಸಣ್ಣದು ಫಸ್ಟ್ ಗೇರ್ ಮಾಲು," ಎಂದ ಅಣ್ಣ. "ಅದನ್ನ ಕೊಡು. ನಮಗೇನು ರೇಸ್ ಐತೇನು?"

ಸರಿಯಾದ ಮಾತು. ಅಲ್ಲಿಗೇ ಎದ್ದಿದ್ದರೆ ಚೆನ್ನಾಗಿತ್ತು. ಆದರೆ ಅಂಗಡಿಯವನಿಗೆ ಇನ್ನೊಂದು ಪ್ರಶ್ನೆ ಉಳಿದಿತ್ತು.

"ಸೆನ್ಸರ್ ಇದ್ದದ್ದು ಕೊಡ್ಲ್ಯೋ, ಇಲ್ಲದ್ದು ಕೊಡ್ಲ್ಯೋ? ಇದ್ದದ್ದಕ್ಕ ಸಣ್ಣ ವೈರ್ ಒಂದು ಬ್ಯಾರೆ ಬರ್ತೈತಿ. ಸಾವಕಾಶ ಹೊಂಡಾಕ ಚಲೋ ರೀ."

ಇಲ್ಲಿ ನಮ್ಮ ಓಣಿಯ ಒಂದು ಪದ್ಧತಿಯನ್ನು ಹೇಳಬೇಕು. ಪವರ್‌ಲೂಮಿನಲ್ಲಿ ಎಳೆ ಕಡಿದರೆ ಮಗ್ಗವನ್ನು ತಾನಾಗಿಯೇ ನಿಲ್ಲಿಸುವ ಒಂದು ಏರ್ಪಾಡು ಇರುತ್ತದೆ. ನಮ್ಮ ಓಣಿಗೆ ಹೊಸ ಮಗ್ಗ ಬಂದರೆ ಮೊದಲು ಪೂಜೆ, ಆಮೇಲೆ ಆ ಏರ್ಪಾಡನ್ನು ಸುತಳಿಯಿಂದ ಬಿಗಿದು ಕಟ್ಟುವುದು. ಅದು ಇದ್ದರೆ ಮಗ್ಗ ಮಾತುಮಾತಿಗೆ ನಿಲ್ಲುತ್ತದೆ. ನೋಡಿಕೊಳ್ಳಲು ನಮಗೆ ಕಣ್ಣಿಲ್ಲವೇ ಎಂಬುದು ಅಪ್ಪನ ವಾದ. ಯಂತ್ರಕ್ಕೆ ಬುದ್ಧಿ ಬಂದರೆ ನೇಕಾರನಿಗೆ ಕೆಲಸ ಹೆಚ್ಚು ಎಂಬುದನ್ನು ಹಾಲಿನ ಜೊತೆಗೇ ಕುಡಿದವರು ನಾವು. ಅಣ್ಣ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಇಬ್ಬರೂ ನಕ್ಕೆವು.

"ಸೆನ್ಸರ್ ತಗೊಂಡು ಮತ್ತ ಸುತಳಿ ಹುಡುಕೂದು ಯಾಕ?" ಎಂದ ಅಣ್ಣ.

"ಇಲ್ಲದ್ದನ್ನ ಕೊಡಪಾ," ಎಂದೆ ನಾನು.

ಮರುವಾರ ಮೋಟಾರು ಕೂಡಿಸಿಕೊಟ್ಟೆ. ಅಣ್ಣ ಹಂಚಿನ ಚೂರು ಹೇರಿಸಿ, ಬೆರಳನ್ನು ಕೂದಲೆಳೆಯಷ್ಟು ಎಳೆದ. ಲಾರಿ ಮುಂದೆ ಹೋಗಲಿಲ್ಲ. ಚಳಿಜ್ವರ ಬಂದವರ ಹಾಗೆ ಗಡಗಡ ನಡುಗಿತು. ಹಂಚು ಸದ್ದು ಮಾಡಿತು. ಬಿಟ್ಟು ಮತ್ತೆ ಎಳೆದ, ಇನ್ನೂ ಮೆತ್ತಗೆ. ಇನ್ನೂ ನಡುಗಿತು. ಮೂರನೆಯ ಸಲ ಎರಡು ಚೂರು ಕೆಳಗೆ ಬಿದ್ದವು.

ಅಣ್ಣ ಲಾರಿಯನ್ನು ನೋಡುತ್ತಿರಲಿಲ್ಲ. ಬೆರಳನ್ನು ನೋಡುತ್ತಿದ್ದ.

"ತಮ್ಮಾ, ನೀ ನಡಸು."

ನಾನು ರಿಪೇರಿಯವನು, ಸ್ವಿಚ್ಚು ಹಾಕಿ ಬೆಳೆದ ಕೈ. ರಿಮೋಟು ಇಸಕೊಂಡು ಸರಕ್ಕನೆ ಎಳೆದುಬಿಟ್ಟೆ. ಲಾರಿ ಬಾಣದ ಹಾಗೆ ಹೊರಟು ತುಳಸಿಕಟ್ಟೆಯವರೆಗೆ ಹೋಯಿತು.

"ಹೂಂ," ಎಂದ ಅಣ್ಣ. ರಿಮೋಟನ್ನು ವಾಪಸು ತೆಗೆದುಕೊಳ್ಳಲಿಲ್ಲ. ಒಳಗೆ ಹೋಗುವಾಗ ವೈನಿಗೆ ಹೇಳಿದ್ದು ನನಗೂ ಕೇಳಿಸಿತು. "ಕೈ ಮತ್ತ ಹೋಗಾಕತ್ತೈತಿ."

ಊರಿಗೆ ಬರುವ ದಾರಿಯಲ್ಲಿ ನನಗೂ ಅದೇ ಭಯ. ಮನಸ್ಸು ತಡೆಯದೆ ಅಂಗಡಿಗೆ ಹೋಗಿ ಕೇಳಿದೆ. ಅಂಗಡಿಯವನು ಹೇಳಿದ್ದು ಇಷ್ಟು: ಸೆನ್ಸರ್ ಇಲ್ಲದ ಮೋಟಾರಿಗೆ ನಿಂತಲ್ಲಿ ತಾನು ಎತ್ತ ಮುಖ ಮಾಡಿದ್ದೇನೆಂದು ತಿಳಿಯುವುದಿಲ್ಲ. ಜೋರಾಗಿ ಎಳೆದರೆ ಹೇಗೋ ಓಡಿಬಿಡುತ್ತದೆ. ಮೆತ್ತಗೆ ಎಳೆದಷ್ಟೂ ನಡುಗುತ್ತದೆ. ಒರಟು ಕೈಗೆ ಅದು ಒಲಿಯುತ್ತದೆ. ಲಾರಿ ನಡುಗಿದ್ದು ಅಣ್ಣನ ಕೈ ಚಲೋ ಇದ್ದದ್ದಕ್ಕೇ.

ಅಲ್ಲಿಂದಲೇ ಫೋನ್ ಮಾಡಿ ಹೇಳಿದೆ. ಅಣ್ಣ ಸಮಾಧಾನದಿಂದ ಕೇಳಿ, "ಆತು ಬಿಡು," ಎಂದ. ರವಿವಾರ ಹೋಗಿ ಅವನ ಮುಂದೆಯೇ ಮೆತ್ತಗೆ ಎಳೆದು ತೋರಿಸಿದೆ. ಲಾರಿ ನಡುಗಿತು.

"ನೋಡು, ನನ್ನ ಕೈಯಾಗೂ ನಡಗಾಕತ್ತೈತಿ."

"ಬೇಕಂತ ನಡುಗಸಾಕತ್ತಿ. ಅವತ್ತ ಹೆಂಗ ಹೋತು ಮತ್ತ?"

"ಅವತ್ತ ಜೋರ್ ಎಳದೆ ಅಣ್ಣಾ."

"ನಂದು ಜೋರ್ ಎಳಿಯೂ ಕೈ ಅಲ್ಲ, ಮೆತ್ತಗ ಎಳಿಯೂ ಕೈನೂ ಅಲ್ಲ. ನನ್ನ ಸಲವಾಗಿ ನಾಟಕ ಮಾಡಬ್ಯಾಡೋ. ಚಹಾ ಕುಡಿ."

ಸುಳ್ಳು ಹೇಳಿ ನಂಬಿಸಿದ್ದು ಜೀವನದಲ್ಲಿ ಬೇಕಾದಷ್ಟಿದೆ. ಖರೇ ಹೇಳಿ ನಂಬಿಸುವುದು ಹೇಗೆಂದು ಆ ದಿನ ನನಗೆ ತಿಳಿಯಲಿಲ್ಲ.

ಸೆನ್ಸರ್ ಇರುವ ಮೋಟಾರು ಹೊರಗಿನಿಂದ ತರಿಸಬೇಕಿತ್ತು, ಬರಲು ತಿಂಗಳುಗಳೇ ಹಿಡಿದವು. ಅಷ್ಟರಲ್ಲಿ ಅಣ್ಣ ವ್ಯಾಯಾಮ ಬಿಟ್ಟ. ಹೋಗುವ ಕೈಗೆ ದಣಿವು ಯಾಕೆ ಎಂಬುದು ಅವನ ತರ್ಕ. ವ್ಯಾಯಾಮದ ಹೆಣ್ಣುಮಗಳು ಬಂದರೆ ಉಪಚಾರ ಮಾಡಿ, ಘಟ್ಟದ ಕತೆ ಹೇಳಿ, ಕೈ ಮುಟ್ಟಗೊಡದೆ ಕಳಿಸುತ್ತಿದ್ದ. ವೈನಿ ಬಯ್ದರು, ಅತ್ತರು, ಮರಾಠಿಯಲ್ಲಿ ದೇವರನ್ನೂ ಕನ್ನಡದಲ್ಲಿ ನನ್ನನ್ನೂ ಕೇಳಿದರು. ದೇವರ ವಿಷಯ ತಿಳಿಯದು, ನಾನು ಮಾತ್ರ ಮೋಟಾರು ಬಂತೇ ಎಂದು ಅಂಗಡಿಗೆ ಫೋನ್ ಮಾಡಿದೆ.

ಮೋಟಾರು ಬಂದ ಮೇಲೆ ಕೂಡಿಸಿ, ಖಾನಾಪುರಕ್ಕೆ ಒಯ್ದು, ನಾನೇ ಮೆತ್ತಗೆ ಎಳೆದೆ. ಲಾರಿ ಎಣ್ಣೆಯ ಮೇಲೆ ಜಾರಿದಂತೆ ಹೊರಟಿತು. ಒಂದು ಹಂಚೂ ಮಾತಾಡಲಿಲ್ಲ.

"ನಿನ್ನ ಕೈಯಾಗ ಅದೂ ಓಡಿತ್ತು, ಇದೂ ಓಡತೈತಿ," ಎಂದ ಅಣ್ಣ.

ವೈನಿ ರಿಮೋಟು ತಂದು ಅವನ ಎಡಗೈಯೊಳಗಿಟ್ಟು, ಬೆರಳನ್ನು ಹಿಡಿದು ಕುದುರೆಯ ಮೇಲೆ ಕೂಡಿಸಿದರು. "ನನ್ನ ಸಲವಾಗಿ ಒಮ್ಮೆ ನಡಸ್ರಿ," ಎಂದರು. ಅಷ್ಟು ವರ್ಷಗಳಲ್ಲಿ ಅವರು ಅವನನ್ನು ತಮ್ಮ ಸಲುವಾಗಿ ಏನನ್ನಾದರೂ ಕೇಳಿದ್ದನ್ನು ನಾನು ಕಂಡಿರಲಿಲ್ಲ. ಅಣ್ಣ ಎಳೆದ. ಎಳೆದನೆಂದು ಗೊತ್ತಾದದ್ದು ಕೊರಳಿನ ನರ ಉಬ್ಬಿದ್ದರಿಂದ. ಬೆರಳು ಅಲುಗಲಿಲ್ಲ. ಲಾರಿ ನಡುಗಲೂ ಇಲ್ಲ, ಹೊರಡಲೂ ಇಲ್ಲ.

"ನಾ ಹೇಳಿದ್ದಿಲ್ಲೇನು," ಎಂದ. ಸಿಟ್ಟಿಲ್ಲ. ನನ್ನನ್ನೇ ಸಮಾಧಾನ ಮಾಡುವ ದನಿ. ಆಮೇಲೆ ವೈನಿಯ ಕಡೆ ತಿರುಗಿ, "ಅವನಿಗೆ ಊಟಕ್ಕ ಹಾಕು, ಬಸ್ ತಪ್ಪತೈತಿ," ಎಂದ.

ನಾನು ಉಂಡೆ. ಬಸ್ಸೂ ಸಿಕ್ಕಿತು.

ವ್ಯಾಯಾಮದ ಹೆಣ್ಣುಮಗಳು ಈಗ ಬರುವುದಿಲ್ಲ. ಅಣ್ಣನ ಎಡಗೈ ಬೆರಳುಗಳು ಒಳಕ್ಕೆ ಮಡಚಿಕೊಂಡಿವೆ, ಬಿಡಿಸಲು ಬರುವುದಿಲ್ಲ.