ಮಾಮಾನ ಪಕ್ಕದ ಸೀಟು

ಅವ್ವನ ತಮ್ಮನಾದ ನನ್ನ ಮಾಮಾ ಸರಕಾರಿ ಬಸ್ಸಿನ ಡ್ರೈವರ್ ಆಗಿದ್ದರು. ಸುರಪುರದಿಂದ ಹೊರಟು ಶಹಾಪುರ, ಯಾದಗಿರಿ, ಗುರುಮಠಕಲ್ ದಾಟಿ ಹೈದರಾಬಾದಿಗೆ ಹೋಗುವ ಗಾಡಿ ಬಹಳ ವರ್ಷ ಅವರ ಕೈಯಲ್ಲೇ ಇತ್ತು. ಅಪ್ಪ ತೀರಿಕೊಂಡ ಮೇಲೆ ನಾನು ಬೆಳೆದದ್ದು ಸುರಪುರದ ಅವರ ಮನೆಯಲ್ಲಿ. ಮಾಸ್ತರಿಕೆ ಕಲಿಯಲು ಶಹಾಪುರಕ್ಕೆ ಹೋಗುವಾಗ ಏರುತ್ತಿದ್ದದ್ದೂ ಅವರ ಬಸ್ಸನ್ನೇ. ಡ್ಯೂಟಿ ಮೇಲಿದ್ದರೆ ಮಾಮಾ ನನ್ನ ಗುರುತೇ ಇಲ್ಲದವರ ಹಾಗೆ ಇರುತ್ತಿದ್ದರು. ಡ್ರೈವರ್ ಮನೆಯ ಹುಡುಗಿ ಅಂತ ಕಂಡಕ್ಟರ್ ನನ್ನನ್ನು ದಾಟಿ ಮುಂದೆ ಹೋದರೆ, ಕನ್ನಡಿಯಲ್ಲಿ ಅವನನ್ನು ನೋಡಿ ಹುಬ್ಬು ಗಂಟಿಕ್ಕುತ್ತಿದ್ದರು. ಅವನು ತಿರುಗಿ ಬಂದು ನನ್ನ ಪಾಸ್ ಕೇಳುತ್ತಿದ್ದ. ಆದರೆ ಹೊಲದ ಬದುವಿನಿಂದ ಬುಟ್ಟಿ ಹೊತ್ತ ಮುದುಕಿ ಕೈ ಎತ್ತಿದರೆ, ಅಲ್ಲಿ ಸ್ಟಾಪ್ ಇರಲಿ ಬಿಡಲಿ, ಗಾಡಿ ನಿಲ್ಲುತ್ತಿತ್ತು. ನೌಕರಿ ಮುಗಿಯುವವರೆಗೆ ಒಂದು ಕರುವಿಗೂ ಗಾಡಿ ತಾಗಿಸಲಿಲ್ಲ ಅಂತ ಡಿಪೋದಲ್ಲಿ ಅವರಿಗೆ ಹೆಸರು.

ರಿಟೈರ್ ಆದ ಮರುವರ್ಷ ಅವರಿಗೆ ಲಕ್ವ ಹೊಡೆಯಿತು. ಎಡಗೈ ಎಡಗಾಲು ಸೋತವು. ಮಾತು ಉಳಿಯಿತು, ಬುದ್ಧಿ ಉಳಿಯಿತು. ಕೋಲು ಹಿಡಿದು ಅಂಗಳದವರೆಗೆ ಬರುತ್ತಾರೆ, ಅಷ್ಟಕ್ಕೇ ಸುಸ್ತಾಗಿ ಕೂಡುತ್ತಾರೆ. ಅವರ ಹೆಂಡತಿ, ನಮ್ಮ ಅತ್ತಿ, ಅಂದಿನಿಂದ ಅವರ ಎಡಗೈ ಆಗಿಬಿಟ್ಟಳು. ಸ್ನಾನ, ಅಂಗಿಯ ಗುಂಡಿ, ಎಣ್ಣೆ ತಿಕ್ಕುವುದು ಎಲ್ಲ ಅವಳದೇ. ಅವಳು ತಮಾಷೆ ಮಾತಿನ ಹೆಂಗಸು, ನಾಲ್ಕು ಮಂದಿ ಕೂಡಿದಲ್ಲಿ ನಗಿಸುವವಳು. ಹುಣಸಗಿಯಲ್ಲಿ ಸ್ವಂತ ತಮ್ಮನ ಮಗಳ ಮದುವೆಗೂ ಹೋಗದೆ ಮನೆಯಲ್ಲೇ ಉಳಿದಾಗ ನನಗೆ ಬಹಳ ಕೆಟ್ಟದೆನಿಸಿತು.

ಬೇಸಿಗೆ ರಜೆಯಲ್ಲಿ ನನ್ನ ಮಗಳು ಹೈದರಾಬಾದಿನ ಥೀಮ್ ಪಾರ್ಕಿಗೆ ಹೋಗೋಣ ಅಂತ ಹಟ ಹಿಡಿದಳು. ಅವಳ ಜೊತೆಗೆ ಅತ್ತಿಯನ್ನೂ ಕರೆದುಕೊಂಡು ಹೋಗಬೇಕು ಅಂತ ನನ್ನ ಮನಸ್ಸಿಗೆ ಬಂತು. ಮಾಮಾನನ್ನು ನೋಡಿಕೊಳ್ಳಲು ಆ ಒಂದು ದಿನ ನನ್ನ ಗಂಡ ಒಪ್ಪಿದ್ದರು. ಅತ್ತಿ ಮಾತ್ರ ಒಪ್ಪಲಿಲ್ಲ. ಬೇರೆಯವರ ಕೈಯಲ್ಲಿ ಅವರು ಸಂಡಾಸಕ್ಕೆ ಹೋಗಲು ನಾಚುತ್ತಾರೆ, ನೀವು ಹೋಗಿ ಬನ್ನಿ ಅಂದಳು. ನಾನು ಮತ್ತೆ ಮತ್ತೆ ಕೇಳಿದೆ. ಅವಳು ರೊಟ್ಟಿ ಬಡಿಯುತ್ತ ಮಾತು ಬೇರೆ ಕಡೆ ತಿರುಗಿಸಿದಳು.

ನಾನು ಹೊರಡುವಾಗ ಅಂಗಳದಲ್ಲಿ ಕೂತಿದ್ದ ಮಾಮಾ ನನ್ನನ್ನು ಕರೆದರು.

"ನಾ ಬರಲಿಲ್ಲಂದ್ರ ಆಕಿ ಬರಂಗಿಲ್ಲ," ಅಂದರು. "ನಡೀ, ನಾನೂ ಬರ್ತೀನಿ. ಎಲ್ಲ್ಯಾರ ಒಂದು ಗಿಡದ ನೆರಳಿಗಿ ನನ್ನ ಕುಂದ್ರಿಸಿ, ಆಕೀನ್ನ ತಿರುಗಾಡಿಸಿಕೊಂಡು ಬಾ."

ಆಸ್ಪತ್ರೆ ಬಿಟ್ಟರೆ ಎಲ್ಲಿಗೂ ಹೋಗದ ಮನುಷ್ಯ ಹೆಂಡತಿಗಾಗಿ ಅಷ್ಟು ದೂರ ಬರಲು ಒಪ್ಪಿದರು. ಆ ಮಾತು ಅತ್ತಿಗೆ ಗೊತ್ತಾಗಬಾರದು ಅಂತಲೂ ಹೇಳಿದರು. ತಾನೇ ಹೋಗಬೇಕೆಂದು ಆಸೆಪಟ್ಟ ಹಾಗೆ ಅವಳ ಮುಂದೆ ನಟಿಸಿದರು. ಅತ್ತಿ ನಂಬಿದಳೋ ಇಲ್ಲವೋ, ಅಂದೇ ಸಂಜೆ ಟ್ರಂಕಿನಿಂದ ಹೊಸ ಸೀರೆ ತೆಗೆದಳು.

ನನ್ನ ಗಂಡ ಮನೆಯಲ್ಲೇ ಉಳಿದರು, ನಾವು ನಾಲ್ವರು ಬಾಡಿಗೆ ಕಾರಿನಲ್ಲಿ ನಸುಕಿಗೆ ಹೊರಟೆವು. ದಾರಿ ಮಾಮಾನದೇ ದಾರಿ. ಶಹಾಪುರ ದಾಟಿ ಭೀಮಾ ನದಿಯ ಸೇತುವೆ ಬರುವವರೆಗೆ ಅವರ ಬಲಗೈ ಸ್ಟೇರಿಂಗ್ ಹಿಡಿದ ಹಾಗೆ ಮೊಣಕಾಲ ಮೇಲೆ ತಿರುವಿಗೊಮ್ಮೆ ಅಲುಗುತ್ತಿತ್ತು. ಗುರುಮಠಕಲ್‌ನಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಹೋಟೆಲಿನ ಮುದುಕ ಕಾರಿನೊಳಗೆ ಬಗ್ಗಿ ನೋಡಿ ಗುರುತು ಹಿಡಿದ. ಮೊದಲು ತೆಲುಗಿನಲ್ಲಿ ಏನೋ ಅಂದ. ಆಮೇಲೆ ಕನ್ನಡದಲ್ಲಿ, ಇಷ್ಟು ದಿನ ಎಲ್ಲಿ ಹೋಗಿದ್ದಿರಿ ಡ್ರೈವರ್ ಸಾಬ್ ಅಂತ ಕೇಳಿದ. ಮಾಮಾನ ಸೋತ ಕೈ ನೋಡಿದ ಮೇಲೆ ಮತ್ತೇನೂ ಕೇಳದೆ ಒಳಗೆ ಹೋಗಿ, ಚಹಾವನ್ನು ಕಪ್ಪಿನ ಅರ್ಧಕ್ಕೇ ಹಾಕಿ ತಂದ. ಒಂದು ಕೈಯಲ್ಲಿ ಹಿಡಿದರೆ ಚೆಲ್ಲಬಾರದು ಅಂತ. ಮುಗಿದ ಮೇಲೆ ಉಳಿದರ್ಧವನ್ನೂ ತಂದುಕೊಟ್ಟ.

ಪಾರ್ಕಿನ ಒಳಗೆ ಹೊರಗಿನ ಊಟ ಬಿಡುವುದಿಲ್ಲವೆಂದು ಮಗಳು ಮೊದಲೇ ಓದಿ ತಿಳಿದಿದ್ದಳು. ಅತ್ತಿ ಕಟ್ಟಿದ್ದ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯವನ್ನು ಕಾರು ನಿಲ್ಲಿಸಿದಲ್ಲೇ ತಿಂದು ಗೇಟಿಗೆ ಹೋದೆವು. ಅಲ್ಲಿ ಗಾಲಿ ಕುರ್ಚಿ ಕೊಟ್ಟರು. ಅದರ ಎಡಗಡೆಯ ಕಾಲಿಡುವ ಹಲಗೆ ಸಡಿಲವಿತ್ತು, ಮಾಮಾನ ಕಾಲು ಜಾರಿ ನೆಲಕ್ಕೆ ಎಳೆಯುತ್ತಿತ್ತು. ಚೀಲ ತಪಾಸಣೆ ಮಾಡುತ್ತಿದ್ದ ಹೆಣ್ಣುಮಗಳು ಅದನ್ನು ನೋಡಿ, ತನ್ನ ಕುತ್ತಿಗೆಯ ಸ್ಕಾರ್ಫ್ ಬಿಚ್ಚಿ ಕಾಲನ್ನು ಹಲಗೆಗೆ ಮೆತ್ತಗೆ ಕಟ್ಟಿದಳು. ಸಂಜೆ ಹೋಗುವಾಗ ಕೊಟ್ಟರೆ ಸಾಕು ಅಂದಳು. ಅವಳ ಹೆಸರು ಕೇಳಲು ನನಗೆ ತೋಚಲಿಲ್ಲ.

ಪಾರ್ಕಿನೊಳಗಿನ ದಾರಿ ಚಿತ್ರದಲ್ಲಿ ಸಪಾಟಾಗಿ ಕಾಣುತ್ತದೆ. ಕುರ್ಚಿ ತಳ್ಳುವವರಿಗಷ್ಟೇ ಅದರ ಏರು ಗೊತ್ತಾಗುತ್ತದೆ. ನಾನೊಂದು ಕಡೆ, ಮಗಳೊಂದು ಕಡೆ ಹಿಡಿದು ತಳ್ಳಿದೆವು. ಇಳಿಜಾರಿನಲ್ಲಿ ಮಾಮಾ ಕೂತಲ್ಲಿಂದಲೇ ಗೇರ್ ಬದಲಿಸಲು ಹೇಳುತ್ತಿದ್ದರು. ಸಂಡಾಸದ ಮುಂದೆ ನಿಜವಾದ ಕಷ್ಟ ಬಂತು. ಗಂಡಸರ ಕಡೆ ಅತ್ತಿಯಾಗಲಿ ನಾನಾಗಲಿ ಹೋಗುವಂತಿಲ್ಲ, ಅಂಗವಿಕಲರದ್ದಕ್ಕೆ ಬೀಗ. ಚಾವಿ ಯಾರ ಹತ್ತಿರ ಇದೆಯೆಂದು ನಾನು ಅತ್ತಿತ್ತ ಓಡಾಡುತ್ತಿದ್ದೆ. ಕೂಸನ್ನು ಎತ್ತಿಕೊಂಡು ನಿಂತಿದ್ದ ಒಬ್ಬ ಗಂಡಸು ಕೂಸನ್ನು ಹೆಂಡತಿಗೆ ಕೊಟ್ಟು ಬಂದ. ಅವನು ಮಾತಾಡುವ ತೆಲುಗು ನಮಗೆ ಪೂರ್ತಿ ಬರುವುದಿಲ್ಲ. ತನ್ನ ತಂದೆಗೂ ಹೀಗೇ ಆಗಿತ್ತು ಅಂದದ್ದು ಮಾತ್ರ ತಿಳಿಯಿತು. ಮಾಮಾನ ಎಡಗಡೆಗೆ ಹೋಗಿ ಸೊಂಟಕ್ಕೆ ಕೈ ಹಾಕಿ ಎಬ್ಬಿಸಿದ ರೀತಿ ನೋಡಿಯೇ ಅವನು ಇದನ್ನು ಬಹಳ ಸಲ ಮಾಡಿದವನು ಅಂತ ಅತ್ತಿಗೆ ಗೊತ್ತಾಯಿತು. ಅವರಿಬ್ಬರೂ ಒಳಗಿರುವಷ್ಟು ಹೊತ್ತು ಅವಳು ಮೊದಲ ಬಾರಿಗೆ ಕಟ್ಟೆಯ ಮೇಲೆ ನಿರಾಳವಾಗಿ ಕೂತಿದ್ದಳು.

ಹೊರಬಂದ ಮಾಮಾ ಇನ್ನು ತನ್ನನ್ನು ಒಂದು ಕಡೆ ಬಿಟ್ಟುಬಿಡಿ ಅಂದರು. ಒಂದಕ್ಕೊಂದು ಗುದ್ದಿಸಿ ಆಡುವ ಡ್ಯಾಶಿಂಗ್ ಕಾರುಗಳ ಶೆಡ್ಡಿನ ಪಕ್ಕ ದೊಡ್ಡ ಬೇವಿನ ಗಿಡವಿತ್ತು. ಅಲ್ಲಿ ನಿಲ್ಲಿಸಿ, ನೀರಿನ ಬಾಟಲಿ ಬಲಗೈಗೆ ಸಿಗುವಂತೆ ಇಟ್ಟು, ನಾವು ಮೂವರು ಹೋದೆವು.

ಅತ್ತಿ ಆಟವಾಡಿದ್ದನ್ನು ನೋಡಬೇಕಿತ್ತು. ಕುದುರೆ ಚಕ್ರದಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತಳು. ದೊಡ್ಡ ತೊಟ್ಟಿಲ ಚಕ್ರ ಏರುವಾಗ ಕಣ್ಣು ಮುಚ್ಚಿ ನನ್ನ ತೋಳು ಹಿಂಡಿದಳು. ಎಲ್ಲಕ್ಕಿಂತ ಮೇಲೆ ಹೋಗಿ ನಿಂತಾಗ ಕಣ್ಣು ಬಿಟ್ಟು, ಹೈದರಾಬಾದು ನೋಡಲಿಲ್ಲ, ಬೆಟ್ಟ ನೋಡಲಿಲ್ಲ.

"ಅವರು ಎಲ್ಲಿ ಕಾಣ್ತಾರ ನೋಡು," ಅಂದಳು.

ಬೇವಿನ ಗಿಡದ ಬುಡದಲ್ಲಿ ಮಾಮಾನ ಬಿಳಿ ಟೋಪಿ ಒಂದು ಚುಕ್ಕೆಯ ಹಾಗೆ ಕಂಡಿತು. ಅದು ನಮ್ಮ ಕಡೆ ತಿರುಗಿರಲಿಲ್ಲ. ಶೆಡ್ಡಿನ ಒಳಗೆ ನೋಡುತ್ತಿತ್ತು.

ತಿರುಗಿ ಬಂದಾಗ ಮಾಮಾನ ಮುಖ ಬೇರೆಯಾಗಿತ್ತು. ಒಳಗೆ ಓಡಾಡುವ ಪುಟ್ಟ ಕಾರುಗಳನ್ನು ನೋಡಿ ತಲೆ ಅಲ್ಲಾಡಿಸುತ್ತಿದ್ದರು. ಒಬ್ಬರಿಗೂ ಸ್ಟೇರಿಂಗ್ ಹಿಡಿಯಲು ಬರುವುದಿಲ್ಲ, ತಿರುಗಿಸಿದ್ದನ್ನು ವಾಪಸ್ ತರುವುದು ಗೊತ್ತಿಲ್ಲ ಅಂತ ನಮಗೆ ಒಬ್ಬೊಬ್ಬರ ತಪ್ಪು ತೋರಿಸಿದರು. ಅಜ್ಜಾ ನೀವೇ ಬರ್ರಿ ಅಂತ ಮಗಳು ಸುಮ್ಮನೆ ಅಂದಳು. ಮಾಮಾ ಇಲ್ಲ ಅನ್ನಲಿಲ್ಲ. ಅತ್ತಿ ಅವರ ಮುಖವನ್ನು ಒಮ್ಮೆ ನೋಡಿ, ನನಗೆ ಹೇಳದೆ ಕೇಳದೆ, ಶೆಡ್ ನಡೆಸುವವನ ಹತ್ತಿರ ಹೋದಳು.

ಅವನು ನಡುವಯಸ್ಸಿನ ಮನುಷ್ಯ. ಕುರ್ಚಿ ನೋಡಿ ಅನುಮಾನಿಸಿದ. ಧಕ್ಕೆ ಬೀಳುತ್ತವೆ, ಏನಾದರೂ ಆದರೆ ಹೇಗೆ ಅಂದ. ಹೇಳುವುದು ನ್ಯಾಯವೇ. ಮಾಮಾ ಹೈದರಾಬಾದಿನ ಉರ್ದುವಿನಲ್ಲಿ ಅವನ ಜೊತೆ ಮಾತಿಗಿಳಿದರು. ತಾನು ಜೀವಮಾನವಿಡೀ ಈ ಊರಿಗೆ ಬಸ್ ತಂದವನು, ಯಾವ ಬಸ್ ಸ್ಟ್ಯಾಂಡಿನಲ್ಲಿ ಗಾಡಿ ಹಿಂದಕ್ಕೆ ತೆಗೆಯುವುದು ಎಷ್ಟು ಕಷ್ಟವಿತ್ತು ಅಂತೆಲ್ಲ ಹೇಳಿದರು. ಅವನ ಅಣ್ಣನೂ ಬಸ್ ಡ್ರೈವರ್ ಅಂತೆ. ಕೊನೆಗೆ ಅವನು ಒಂದೇ ಪ್ರಶ್ನೆ ಕೇಳಿದ: ಬಲಗಾಲು ಗಟ್ಟಿ ಇದೆಯಾ? ಈ ಕಾರಿಗೆ ಇರುವುದು ಒಂದೇ ಪೆಡಲ್. ಮಾಮಾ ಬಲಗಾಲು ಎತ್ತಿ ನೆಲಕ್ಕೆ ಬಡಿದು ತೋರಿಸಿದರು.

ಆಟ ಮುಗಿದು ಕಾರುಗಳು ಖಾಲಿಯಾದ ಮೇಲೆ ಅವನು ಸಾಲಿನಲ್ಲಿದ್ದವರನ್ನು ಕೈ ಮಾಡಿ ನಿಲ್ಲಿಸಿದ. ಕುರ್ಚಿಯನ್ನು ತಗಡಿನ ನೆಲದ ಮೇಲೆಯೇ ತಳ್ಳಿಕೊಂಡು ಹೋದೆವು. ಕಾರಿನ ಸೀಟು ಬಹಳ ಕೆಳಗಿತ್ತು. ಅವನೂ ನಾನೂ ಸೇರಿ ಮಾಮಾನನ್ನು ಇಳಿಸಿ ಕೂಡಿಸಿದೆವು. ಅತ್ತಿ ದಿನಾ ಮಂಚದ ಮೇಲೆ ಮಾಡುವ ಹಾಗೆ ಎಡಗಾಲನ್ನು ಎರಡೂ ಕೈಯಲ್ಲಿ ಎತ್ತಿ ಒಳಗಿಟ್ಟಳು. ಇಷ್ಟಕ್ಕೆಲ್ಲ ಹೊತ್ತು ಹಿಡಿಯಿತು. ಸಾಲಿನಲ್ಲಿ ಬಿಸಿಲಿಗೆ ನಿಂತ ಅಷ್ಟು ಜನರಲ್ಲಿ ಒಬ್ಬರೂ ಗೊಣಗಲಿಲ್ಲ.

ಎಡಗಡೆ ಹಿಡಿದುಕೊಳ್ಳಲು ಯಾರಾದರೂ ಬೇಕು, ನೀವೇ ಕೂತುಕೊಳ್ಳಿ ಅಂತ ಅವನು ಅತ್ತಿಗೆ ಹೇಳಿದ. ಅತ್ತಿ ನಾಚಿದಳು. ಆಮೇಲೆ ಸೀರೆ ಮುದುಡಿಕೊಂಡು ಮಾಮಾನ ಪಕ್ಕ ಕೂತಳು. ನಾನೂ ಮಗಳೂ ಇನ್ನೊಂದು ಕಾರು ಹತ್ತಿದೆವು.

ಗಂಟೆ ಹೊಡೆಯಿತು. ಎಲ್ಲರೂ ಒಮ್ಮೆಲೇ ನುಗ್ಗಿದರು. ಮಾಮಾ ನುಗ್ಗಲಿಲ್ಲ. ಮೊದಲು ಬಲಕ್ಕೆ ನೋಡಿದರು, ಕನ್ನಡಿ ಇಲ್ಲದ ಕಡೆ ಕನ್ನಡಿ ನೋಡಿದರು, ಆಮೇಲೆ ಮೆಲ್ಲಗೆ ಹೊರಟರು. ಒಂದೇ ಕೈಯ ಅಂಗೈಯಲ್ಲಿ ಸ್ಟೇರಿಂಗ್ ಉರುಳಿಸುತ್ತ ಎಡಬದಿ ಹಿಡಿದು ಸುತ್ತು ಹಾಕಿದರು. ಕಾಲೇಜು ಹುಡುಗರು ಅವರಿಗೆ ಗುದ್ದಲು ಬಂದರೆ ಕಾರು ಬಳುಕಿ ಪಕ್ಕಕ್ಕೆ ಹೋಗುತ್ತಿತ್ತು. ಹುಡುಗರು ತಮ್ಮ ತಮ್ಮಲ್ಲೇ ಡಿಕ್ಕಿ ಹೊಡೆದುಕೊಳ್ಳುತ್ತಿದ್ದರು. ಶೆಡ್ ನಡೆಸುವವನು ನಗುತ್ತ ನಿಂತಿದ್ದ. ಆಟದ ಹೊತ್ತು ಮುಗಿದರೂ ಅವನು ಗುಂಡಿ ಒತ್ತಲಿಲ್ಲ, ಇನ್ನೊಂದು ಸುತ್ತು ಬಿಟ್ಟ.

ನಮ್ಮ ಕಾರು ಅವರ ಹತ್ತಿರ ಬಂದಾಗ ಅತ್ತಿಯ ಮಾತು ಕೇಳಿಸಿತು.

"ಎಲ್ಲಾರೂ ಹೊಡಿಯಾಕತ್ಯಾರ. ನೀವೂ ಯಾರಿಗರ ಒಂದು ಹೊಡೀರಲ್ಲ."

"ಗಾಡಿ ಇರೋದು ಹೊಡಿಯಾಕಲ್ಲ," ಅಂದರು ಮಾಮಾ.

"ಈ ಗಾಡಿ ಇರೋದು ಹೊಡಿಯಾಕಽ ಐತ್ರಿ."

ಮಾಮಾ ಸ್ವಲ್ಪ ದೂರ ಹೋಗಿ ತಿರುಗಿದರು. ನಮ್ಮನ್ನೇ ನೋಡಿಕೊಂಡು ನೇರ ಬಂದರು. ಗುದ್ದಿದ ರಭಸಕ್ಕೆ ನನ್ನ ಕನ್ನಡಕ ಮೂಗಿನ ತುದಿಗೆ ಬಂತು, ಮಗಳು ನನ್ನ ಮೇಲೆ ಬಿದ್ದಳು. ಅತ್ತಿ ನಕ್ಕಳು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಲಕ್ವ ಹೊಡೆದ ದಿನದಿಂದ ಆ ನಗು ನಾನು ಕೇಳಿರಲಿಲ್ಲ.

"ನಿನಗ ಹೊಡದ್ರ ಕೇಸ್ ಆಗಂಗಿಲ್ಲ, ಅದಕ್ಕ," ಅಂತ ಮಾಮಾ ನನಗೆ ಸಮಜಾಯಿಷಿ ಕೊಟ್ಟರು.

ಇಳಿಸುವುದು ಕೂಡಿಸುವುದಕ್ಕಿಂತ ಕಷ್ಟವಾಯಿತು. ಗುದ್ದಲು ಬಂದಿದ್ದ ಹುಡುಗರೇ ಕೈ ಹಚ್ಚಿ ಎತ್ತಿದರು. ಸಂಜೆ ಗೇಟಿನಲ್ಲಿ ಸ್ಕಾರ್ಫ್ ತಿರುಗಿ ಕೊಟ್ಟಾಗ ಅತ್ತಿ ಆ ಹೆಣ್ಣುಮಗಳ ಗಲ್ಲ ಸವರಿ ಲಟಿಕೆ ಮುರಿದಳು. ಅವಳಿಗೆ ಕನ್ನಡ ಬರಲಿಲ್ಲ, ಅತ್ತಿಗೆ ತೆಲುಗು ಬರಲಿಲ್ಲ, ಆದರೂ ಇಬ್ಬರೂ ಸ್ವಲ್ಪ ಹೊತ್ತು ಮಾತಾಡಿದರು.

ಬರುವಾಗ ಮಾಮಾ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋದರು. ಮಗಳೂ ಮಲಗಿದಳು. ಅತ್ತಿ ಮೆಲ್ಲಗೆ ನನ್ನ ಹತ್ತಿರ ಮಾತು ತೆಗೆದಳು.

"ಇವರ ಬಸ್ಸಿನಾಗ ನಾ ಎಷ್ಟು ಸಲ ಕುಂತೀನೋ ಲೆಕ್ಕಿಲ್ಲ. ಲೇಡೀಸ್ ಸೀಟಿನಾಗ ಕುಂತು ಬೆನ್ನಽ ನೋಡೀನಿ. ಗಾಡಿ ಹೊಡಿಯುವಾಗ ಇವರ ಮಾರಿ ಹ್ಯಾಂಗ ಇರ್ತದ ಅಂತ ಇವತ್ತ ನೋಡಿದೆ ನೋಡವ್ವ."

ಹೇಗಿತ್ತು ಅಂತ ಕೇಳಿದೆ. ಮದುವೆಗೆ ಮೊದಲು ಹೆಣ್ಣು ನೋಡಲು ಬಂದ ದಿನ ಇದ್ದ ಹಾಗಿತ್ತು ಅಂದಳು. ಅಂದು ಅವರು ಹೆಣ್ಣನ್ನು ನೋಡದೆ ಅಂಗಳದಲ್ಲಿ ನಿಂತಿದ್ದ ಟ್ರ್ಯಾಕ್ಟರನ್ನೇ ನೋಡುತ್ತಿದ್ದರಂತೆ.

ಆ ದಿನದ ನಂತರ ಮಾಮಾನ ಕಾಲು ಸರಿಹೋಗಲಿಲ್ಲ. ಅಂಥದ್ದೇನೂ ಆಗುವುದಿಲ್ಲವೆಂದು ನಮಗೂ ಗೊತ್ತು. ಆದರೆ ಅವರು ಮನೆಯಿಂದ ಹೊರಗೆ ಹೋಗಲು ಶುರು ಮಾಡಿದರು. ಓಣಿಯ ಆಟೋದವನಿಗೆ ಹೇಳಿ, ಅತ್ತಿಯ ಜೊತೆ ವಾರಕ್ಕೊಮ್ಮೆ ಎಲ್ಲಿಗಾದರೂ ಹೊರಡುತ್ತಾರೆ. ಹುಣಸಗಿಗೆ ಹೋಗಿ, ಮದುವೆಯಾದ ಆ ಹುಡುಗಿಯ ಕೂಸನ್ನು ನೋಡಿ ಬಂದರು. ನಾನು ಓದಿ ನೌಕರಿ ಹಿಡಿದದ್ದು, ಇಂದು ಮಕ್ಕಳ ಮುಂದೆ ಧೈರ್ಯವಾಗಿ ನಿಂತು ಪಾಠ ಹೇಳುವುದು, ಇದೆಲ್ಲ ಆ ಇಬ್ಬರು ಉಣಿಸಿದ ಅನ್ನದಿಂದ ಆದದ್ದು. ಅದಕ್ಕೆ ಸಮನಾಗಿ ನಾನು ಏನನ್ನೂ ಮಾಡಿಲ್ಲ, ಮಾಡಲೂ ಆಗುವುದಿಲ್ಲ. ಆದರೂ ಆ ದಿನ ನೆನೆದಾಗ ಮನಸ್ಸು ತುಂಬುತ್ತದೆ. ಹೆಸರು ಗೊತ್ತಿಲ್ಲದ ಎಷ್ಟೊಂದು ಜನ ಆ ದಿನವನ್ನು ನಮಗೆ ಮಾಡಿಕೊಟ್ಟರು.

ಹೋದ ಅಮಾವಾಸ್ಯೆಗೆ ಇಬ್ಬರೂ ತಿಂಥಣಿಗೆ ಹೋಗಿದ್ದರು. ಮೌನೇಶ್ವರನ ಗುಡಿಯೊಳಗೆ ಅತ್ತಿ ಒಬ್ಬಳೇ ಹೋಗಿ ಬಂದಳು. ಮಾಮಾ ಆಟೋದಲ್ಲೇ ಕೂತು ಕೃಷ್ಣೆಯನ್ನು ನೋಡುತ್ತಿದ್ದರು. ಪ್ರಸಾದ ಕೊಡುತ್ತ ಅತ್ತಿ, ಇಲ್ಲಿಂದಲೇ ಏನು ಬೇಡಿಕೊಂಡಿರಿ ಅಂತ ಕೇಳಿದಳಂತೆ.

"ಏನೂ ಬೇಡಲಿಲ್ಲ," ಅಂದರಂತೆ ಮಾಮಾ. "ಇಬ್ಬರೂ ಬಂದೀವಿ ಅಂತ ಹೇಳಿದೆ."