ಸಂಗುವಿನ ವಯಸ್ಸು ಮತ್ತು ಒಂದೇ ಏಟಿನ ನೋಂದಣಿ

ತಾಂಡೂರಿನ ಸ್ಟೇಷನ್ ರಸ್ತೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಸಂಗುವಿಗೆ ಯಾರ ಮನೆಯಿಂದಲೂ ಒಂದೇ ಸಲಕ್ಕೆ ಎದ್ದು ಬರಲು ಬಾರದು. ಹೊಸ್ತಿಲಲ್ಲೊಮ್ಮೆ, ಅಂಗಳದಲ್ಲೊಮ್ಮೆ, ಗಾಡಿ ಸ್ಟಾರ್ಟ್ ಮಾಡಿ ಇನ್ನೊಮ್ಮೆ ‘ಬರ್ತೀನ್ರಿ’ ಅನ್ನಲೇಬೇಕು. ಒಳ್ಳೆಯ ಮನುಷ್ಯ, ಒಪ್ಪೋಣ. ಆದರೆ ಇಂಥವನು ಪ್ರೋಗ್ರಾಂ ಬರೆದರೆ ಅದಕ್ಕೂ ಅದೇ ಚಾಳಿ ಬರುತ್ತದೆ.

ಅವನ ಅಕ್ಕ ಪ್ರೇಮಲಾ ಸಮಾಜದ ವಧೂವರ ಸಮಾವೇಶದ ಮುಂದಾಳು. ಜಹೀರಾಬಾದು, ನಾರಾಯಣಖೇಡ, ತಾಂಡೂರು ಸುತ್ತಿನ ಸಾವಿರಗಟ್ಟಲೆ ಬಯೋಡಾಟಾಗಳನ್ನು ಪರದೆಯ ಮೇಲೆ ತೋರಿಸುವ ಕೆಲಸ ತಮ್ಮನದು. ಹಳೆಯ ಲ್ಯಾಪ್‌ಟಾಪಿಗೆ ಭಾರವಾಗದಂತೆ ಅವನು ಪುಟ್ಟ ಡೇಟಾಬೇಸೊಂದನ್ನು ಹಾಕಿಕೊಂಡಿದ್ದ. ಪ್ರೋಗ್ರಾಂ ಒಂದೊಂದು ಹೆಸರಿಗೂ ಅದನ್ನು ತೆರೆದು, ಬರೆದು, ಡಿಸ್ಕಿನಲ್ಲಿ ಕೂತಿತೇ ಎಂದು ಖಾತ್ರಿ ಮಾಡಿಕೊಂಡು, ಮುಚ್ಚಿ, ಮತ್ತೆ ತೆರೆಯುತ್ತಿತ್ತು. ಸಮಾವೇಶ ಶುರುವಾಗಿ ಮಂದಿ ಚಹಾ ಕುಡಿದು ಮುಗಿಸಿದರೂ ಹೆಸರುಗಳು ಇನ್ನೂ ಜಹೀರಾಬಾದು ದಾಟಿರಲಿಲ್ಲ.

ಸಂಗುವಿಗೆ ಅವಸರವಿತ್ತು. ಸೇಡಂ ಕಡೆಯ ಟೀಚರ್ ಶಿವಗಂಗಾ ಮೂರನೇ ಸಾಲಿನಲ್ಲಿ ಸೋದರಮಾವನ ಪಕ್ಕ ಕೂತಿದ್ದಳು. ಹೋದ ವರ್ಷ ಅವಳನ್ನು ನೋಡಿದಾಗಿನಿಂದ ಅವನಿಗೆ ಬೇರೆ ಯಾರೂ ಕಣ್ಣಿಗೆ ಬಿದ್ದಿಲ್ಲ. ಪರದೆಯ ಮೇಲೆ ಹೆಸರು ಬಂದವರು ಮಾತ್ರ ವೇದಿಕೆಗೆ ಬಂದು ಮಾತಾಡಬೇಕೆಂಬುದು ಅಲ್ಲಿಯ ಪದ್ಧತಿ. ಸಂಗು ಸಂಕೋಚಕ್ಕೆ ತನ್ನ ಹೆಸರನ್ನು ಕಟ್ಟಕಡೆಗೆ ಇಟ್ಟುಕೊಂಡಿದ್ದ. ಅವಳಿಗೋ ಮಧ್ಯಾಹ್ನದ ರೈಲು ಹಿಡಿಯಬೇಕಿತ್ತು, ಮಾವ ಆಗಲೇ ಗಡಿಯಾರ ನೋಡತೊಡಗಿದ್ದ.

ಆಗ ಅವನಿಗೆ ಬುದ್ಧಿ ಬಂತು. ಪ್ರೋಗ್ರಾಂ ನಿಲ್ಲಿಸಿ, ಸೇರಿದ್ದನ್ನೆಲ್ಲ ಅಳಿಸಿ, ಡೇಟಾಬೇಸಿನ ಬಾಗಿಲು ಒಮ್ಮೆ ತೆರೆದು ಎಲ್ಲರನ್ನೂ ಒಳಗೆ ಕೂಡಿಸಿ ಕೊನೆಗೊಮ್ಮೆ ಖಾತ್ರಿ ಮಾಡುವಂತೆ ತಿದ್ದಿದ. ಗುಂಡಿ ಒತ್ತಿದರೆ ಹೆಸರುಗಳು ದಡದಡನೆ ಓಡಿ ಕಣ್ಣು ಮಿಟುಕಿಸುವಷ್ಟರಲ್ಲಿ ಕೊನೆ ಮುಟ್ಟಿದವು. ಅಲ್ಲಿಂದ ಎಲ್ಲವೂ ವಾಪಸ್ ಬಂದುಬಿಟ್ಟವು. ಒಟ್ಟಿಗೆ ಹೊರಟವರಲ್ಲಿ ಒಬ್ಬ ಎಡವಿದರೂ ಇಡೀ ದಂಡು ಹಿಂದಿರುಗುವುದು ಆ ದಾರಿಯ ನಿಯಮ. ಎಡವಿದವನು ಸಂಗುವೇ. ವಯಸ್ಸಿನ ಜಾಗದಲ್ಲಿ ಅಂಕಿಯೇ ಇರಬೇಕೆಂದು ತಾನೇ ಕಟ್ಟುನಿಟ್ಟು ಮಾಡಿದ್ದ ಮಹಾಶಯ, ತನ್ನದರಲ್ಲಿ ‘ನೋಡಿದರೆ ಗೊತ್ತಾಗುವುದಿಲ್ಲ’ ಎಂದು ಬರೆದುಕೊಂಡಿದ್ದ.

ಹಿಂದೆ ನಿಂತು ಓದಿದ ಪ್ರೇಮಲಾಗೆ ತಾಳ್ಮೆ ಮುಗಿಯಿತು. ಕೈಯಲ್ಲಿ ಮೈಕ್ ಇತ್ತು, ಅದು ಚಾಲೂ ಇತ್ತು.

“ನಲವತ್ತೊಂದು ಅಂತ ಬರಿಯೋ ಸಂಗು. ಮಂದಿ ಕಾಯ್ಲತ್ತಾರ.”

ಸಭೆಯೆಲ್ಲ ಘೊಳ್ಳೆಂದು ನಕ್ಕಿತು. ಸಂಗುವಿಗೆ ನೆಲ ಬಿರಿದು ನುಂಗಬಾರದೇ ಅನಿಸಿತು. ನಲವತ್ತೊಂದು ಎಂದು ಒತ್ತಿದ. ಎಲ್ಲರೂ ಒಂದೇ ಏಟಿಗೆ ಸೇರಿದರು, ಹೊಸದಾಗಿ ಸೇರಿದ್ದನ್ನು ಮೇಲೆ ತೋರಿಸುವ ಪರದೆಯಲ್ಲಿ ಕೊನೆಗೆ ಸೇರಿದ ಸಂಗುವೇ ಮೊದಲು ಮೂಡಿದ. ಮಾವ ಚೀಲ ಎತ್ತಿಕೊಂಡು ಎದ್ದಾಗಿತ್ತು. ವರ್ಷವಿಡೀ ಕನ್ನಡಿಯ ಮುಂದೆ ಕಲಿತ ಭಾಷಣ ಮರೆತುಹೋಗಿ, ಸಂಗು ವೇದಿಕೆಯಲ್ಲಿ ಅಂದದ್ದು ಇಷ್ಟೇ: “ನಲವತ್ತೊಂದು ಖರೆ ಅದರಿ.”

ಶಿವಗಂಗಾ ಬಾಗಿಲಿನತ್ತ ಹೋಗಲಿಲ್ಲ. ಸಂಗು ವೇದಿಕೆ ಇಳಿದು ಮರಳುತ್ತಲೇ ನೇರವಾಗಿ ಲ್ಯಾಪ್‌ಟಾಪಿನ ಹತ್ತಿರ ಬಂದು ಅವನಿಗೆ ತಗ್ಗಿದ ದನಿಯಲ್ಲಿ ಹೇಳಿದಳು.

“ನಂದೂ ಒಂದೀಟು ತಿದ್ದ್ರಿ. ನಮ್ಮ ಅಪ್ಪ ಮೂವತ್ತೆರಡು ಬರ್ಸ್ಯಾರ. ಮೂವತ್ತೆಂಟು ನಡೀಲತ್ತದ.”